ಜೋಡಿ ಸೋರೆಕಾಯಿ

ಈಜು ಬರುವವಳು ಮುಳುಗಿ ಸತ್ತಳು, ಈಜು ಬಾರದವಳು ಬದುಕಿ ಬಂದಳು. ಅನುಮಾನಪಡಲು ಊರಿಗೆ ಇಷ್ಟು ಸಾಕಾಯಿತು. ಎಲ್ಲ ವಿಷಯದಲ್ಲೂ ಜನರ ತಲೆ ಇಷ್ಟು ಚುರುಕಾಗಿ ಓಡಿದ್ದರೆ ಆ ಊರು ಎಂದೋ ಉದ್ಧಾರವಾಗಿರುತ್ತಿತ್ತು.

ಊರು ಅಫಜಲಪುರ ತಾಲೂಕಿನದು. ಕರಜಗಿಯಲ್ಲಿ ಬಸ್ಸಿಳಿದು ಬಂಡಿದಾರಿ ಹಿಡಿದು ನಡೆದರೆ ಭೀಮಾ ಹೊಳೆಯ ದಂಡೆಗೆ ಸಿಗುತ್ತದೆ. ಬದುಕಿ ಬಂದವಳು ಸುಮಿತ್ರಾಬಾಯಿ, ಶಿವರಾಯನ ಹೆಂಡತಿ. ಆಳಂದದಲ್ಲಿ ಬಾವಿಯ ನೀರು ಸೇದಿ ಬೆಳೆದವಳು. ಮದುವೆಯಾಗಿ ಬರುವತನಕ ಮೊಣಕಾಲಿಗಿಂತ ಮೇಲಿನ ನೀರಿಗೆ ಇಳಿದವಳಲ್ಲ. ಮುಳುಗಿದವಳು ಗಂಗುಬಾಯಿ, ಶಿವರಾಯನ ಒಬ್ಬಳೇ ತಂಗಿ. ಹೊಳೆಯಲ್ಲೇ ಆಡಿ ಬೆಳೆದ ಹುಡುಗಿ. ಜೇವರ್ಗಿ ಕಡೆಯ ಕೊಳಕೂರಿನಲ್ಲಿ ಗಂಡು ಗೊತ್ತಾಗಿ, ಕಾರ್ತೀಕ ಕಳೆದ ಮೇಲೆ ಮದುವೆ ಎಂದು ಮಾತಾಗಿತ್ತು.

೧೯೮೧ರ ಮಳೆಗಾಲ ಆಗಷ್ಟೇ ಮುಗಿದಿತ್ತು. ಮದುವೆಯ ಮೊದಲ ಕರೆ ಸೋದರಮಾವನಿಗೆ ಹೋಗಬೇಕು. ಆ ಮಾವ ಇದ್ದದ್ದು ಹೊಳೆಯ ಆಚೆ ದಂಡೆಯಲ್ಲಿ. ಸೊಸೆ, ಮಗಳು ಇಬ್ಬರೂ ಹೋಗಿ ಕರೆದು ಬರಲಿ ಎಂದು ಅತ್ತೆ ಸುಭದ್ರಾಬಾಯಿ ಹಟ ಹಿಡಿದಳು. ಹರಿಗೋಲು ನಡೆಸುವ ಅಂಬಿಗರ ಹುಲೆಪ್ಪ ದಂಡೆಯಲ್ಲಿ ನಿಂತು ತಲೆ ಕೆರೆದುಕೊಂಡ.

"ಅವ್ವಾರ, ಮ್ಯಾಲ ಎಲ್ಲೋ ಮಳಿ ಆಗ್ಯದ್ರಿ. ನೀರು ನೋಡ್ರಿ, ಹ್ಯಾಂಗ ಕುದ್ಯಾಕತ್ತದ. ಎರಡು ದಿನ ತಡದ್ರ ಛಲೋ."

"ಎರಡು ದಿನ ತಡದ್ರ ಅಮಾಸಿ ಬರ್ತದ. ನನ್ನ ತವರಿಗೆ ಹೋಗಾಕ ಹೊಳಿ ಪರವಾನಗಿ ಕೇಳಬೇಕೇನೋ? ಹುಟ್ಟಿದಾಗಿಂದ ದಾಟೇನಿ. ನಡಿ, ಹತ್ತಿಸಿಕೋ."

ಸುಭದ್ರಾಬಾಯಿಯ ಮಾತಿಗೆ ಎದುರು ಹೇಳಿದವರು ಆ ಊರಲ್ಲಿ ಕಡಿಮೆ. ಹುಲೆಪ್ಪ ಹತ್ತಿಸಿಕೊಂಡ. ಹತ್ತಿಸಿಕೊಳ್ಳುವುದು ಹೇಗೂ ಆಯಿತು ಎಂದು ಇನ್ನೂ ನಾಲ್ಕು ಜನರನ್ನು, ಅವರ ಗಂಟುಮೂಟೆಯನ್ನು, ಒಂದು ಆಡನ್ನು ಕೂಡ ತುಂಬಿಕೊಂಡ.

ಹತ್ತುವ ಮುಂಚೆ ಅತ್ತಿಗೆ ನಾದಿನಿಗೆ ಒಂದು ಜಗಳವಾಯಿತು. ಜಗಳ ಎಂದರೆ ಜಗಳವೂ ಅಲ್ಲ, ಅವರಿಬ್ಬರಿಗೆ ದಿನವೂ ಬೇಕಾದ ಉಪ್ಪುಖಾರ. ಗಂಗುಬಾಯಿ ಹೇಳದೆ ಕೇಳದೆ ಸುಮಿತ್ರಾಳ ಇಳಕಲ್ಲ ಸೀರೆಯನ್ನು ಗಂಟಿನಲ್ಲಿ ಇಟ್ಟುಕೊಂಡಿದ್ದಳು. ಅದರ ಸೆರಗು ಹೊರಗೆ ಇಣುಕಿ ಸಿಕ್ಕಿಬಿದ್ದಳು.

"ಉಟ್ಟು ಕೊಡ್ತೇನಿ ಬಿಡು ವೈನಿ, ತಿಂದು ಹಾಕ್ತೇನೇನು?"

"ಕಳ್ಳಿ! ನೀ ಒಮ್ಮೆ ಈ ಮನಿಯಿಂದ ಹೋದಿ ಅಂದ್ರ ಸಾಕು ಬೇ, ನಾ ಈ ಹೊಳಿಗೆ ಉಡಿ ತುಂಬತೇನಿ!"

ಗಂಗುಬಾಯಿ ನಕ್ಕಳು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ನಕ್ಕರು. ಸುಭದ್ರಾಬಾಯಿ ಕೂಡ ತುಟಿಯಲ್ಲೇ ನಕ್ಕಳು. ಅಂದು ನಕ್ಕವರಲ್ಲಿ ಒಬ್ಬರಿಗಾದರೂ ಮುಂದೆ ತಾವು ನಕ್ಕದ್ದು ನೆನಪಿದ್ದರೆ! ಮಾತು ಮಾತ್ರ ಎಲ್ಲರಿಗೂ ಅಕ್ಷರ ತಪ್ಪದೆ ನೆನಪಿತ್ತು.

ಹೊಳೆಯ ನಡುವೆ ನೀರಿನ ಅಡಿಯಲ್ಲಿ ಒಂದು ಕರಿಬಂಡೆಯ ಸಾಲಿದೆ. ಬೇಸಿಗೆಯಲ್ಲಿ ಅದರ ಮೇಲೆ ಕೂತು ಬಟ್ಟೆ ಒಣಗಿಸಬಹುದು. ಮಳೆಗಾಲದಲ್ಲಿ ಅದು ಕಾಣುವುದಿಲ್ಲ, ಅದರ ಮೇಲಿನ ನೀರು ಉಬ್ಬಿ ಒಡೆದು ಸುತ್ತುವುದು ಮಾತ್ರ ಕಾಣುತ್ತದೆ. ಹರಿಗೋಲು ಅಲ್ಲಿಗೆ ಬಂದದ್ದೇ ಗರಗರ ತಿರುಗಿತು. ಆಡು ಬೆದರಿ ಒಂದು ಬದಿಗೆ ಜಿಗಿಯಿತು, ಅದನ್ನು ಹಿಡಿಯಲು ಅದರ ಒಡೆಯನೂ ಜಿಗಿದ. ಆಮೇಲೆ ಮೇಲೆ ಆಕಾಶ ಕೆಳಗೆ ನೀರು ಎನ್ನುವುದು ಯಾರಿಗೂ ಉಳಿಯಲಿಲ್ಲ.

ನೀರಿಗೆ ಬಿದ್ದಾಗ ಸುಮಿತ್ರಾಳ ಬಲಗೈ ಗಂಗುಬಾಯಿಯ ಎಡಗೈಯಲ್ಲಿತ್ತು. ಯಾರು ಯಾರನ್ನು ಮೊದಲು ಹಿಡಿದರೋ ಗೊತ್ತಿಲ್ಲ. "ವೈನಿ, ಕೈ ಬಿಡಬ್ಯಾಡ, ಕಾಲು ಬಡಿ, ಕಾಲು ಬಡಿ" ಎಂದು ಗಂಗು ಕೂಗಿದ್ದು ಕೇಳಿತು. ಸುಮಿತ್ರಾ ಕಾಲು ಬಡಿದಳು. ನೀರು ಒಂದು ಕಡೆಗೆ ಎಳೆದಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಕಾಲನ್ನು ಒಂದು ನೀರು ಎಳೆಯಿತು, ಸೊಂಟವನ್ನು ಇನ್ನೊಂದು, ಕುತ್ತಿಗೆಯನ್ನು ಮತ್ತೊಂದು ತಿರುವಿತು. ಮುಳುಗಿದಾಗ ಕೈಯಲ್ಲಿ ಕೈ ಇತ್ತು. ಮೇಲೆ ಬಂದಾಗ ಇರಲಿಲ್ಲ. ಯಾರ ಬೆರಳು ಮೊದಲು ಸಡಿಲಾಯಿತು ಎಂದು ಆಮೇಲೆ ಊರೆಲ್ಲ ಕೇಳಿತು. ಊರಿಗಿಂತ ಹೆಚ್ಚಾಗಿ ಅವಳೇ ತನ್ನನ್ನು ಕೇಳಿಕೊಂಡಳು.

ಹೊಳೆ ಅವಳನ್ನು ಸ್ವಲ್ಪ ದೂರದಲ್ಲಿದ್ದ ಮರಳದಿಬ್ಬಕ್ಕೆ ಒಗೆಯಿತು. ಉಳಿದವರು ಹರಿಗೋಲಿನ ಅಂಚು ಹಿಡಿದು ದಂಡೆಗೆ ಬಿದ್ದರು. ಆಡು ಕೂಡ ಬದುಕಿತು. ಗಂಗುಬಾಯಿ ಕಾಣಲಿಲ್ಲ.

ಮುಳುಗಿದವರನ್ನು ಹುಡುಕಲು ಆ ದಂಡೆಯ ಅಂಬಿಗರದು ಒಂದು ರೀತಿಯಿದೆ. ಒಣಗಿದ ಸೋರೆಕಾಯಿಯ ಹೊಟ್ಟೆಯಲ್ಲಿ ಮರಳು ತುಂಬಿ, ಬಾಯಿಗೆ ಮೇಣ ಮೆತ್ತಿ, ಮುಳುಗಿದ ಜಾಗದಲ್ಲಿ ನೀರಿಗೆ ಬಿಡುತ್ತಾರೆ. ಮರಳಿನ ಭಾರಕ್ಕೆ ಅದು ಕುತ್ತಿಗೆವರೆಗೆ ಮುಳುಗಿ ಗಾಳಿಗೆ ಸಿಗದೆ ನೀರು ಒಯ್ದಲ್ಲಿಗೆ ಹೋಗುತ್ತದೆ. ಅದು ಹೋಗಿ ನಿಂತಲ್ಲಿ ಹುಡುಕುತ್ತಾರೆ. ಮರುದಿನ ಬೆಳಿಗ್ಗೆ ಹುಲೆಪ್ಪ ಸೋರೆಕಾಯಿ ಬಿಟ್ಟ. ಊರೆಲ್ಲ ದಂಡೆಯ ಮೇಲಿತ್ತು. ಅದು ಬಂಡೆಸಾಲಿನ ಮೇಲೆ ಸುತ್ತಿತು, ಮುಳುಗಿತು, ಎದ್ದಿತು, ಆಮೇಲೆ ಯಾರೋ ದಾರಿ ತೋರಿಸಿದ ಹಾಗೆ ಹೋಗಿ ಸುಮಿತ್ರಾ ಬಿದ್ದಿದ್ದ ಅದೇ ಮರಳದಿಬ್ಬಕ್ಕೆ ಹತ್ತಿತು.

ದಿಬ್ಬದ ಸುತ್ತ ಕೋಲು ಹಾಕಿ, ಬಲೆ ಹಾಕಿ ಹುಡುಕಿದರು. ಗಂಗು ಅಲ್ಲಿರಲಿಲ್ಲ. ಕೆಲವು ದಿನಗಳ ಮೇಲೆ ದೂರದ ಜೇವರ್ಗಿ ತಾಲೂಕಿನ ಹದ್ದಿನಲ್ಲಿ, ದಂಡೆಯ ಜಾಲಿಕಂಟಿಗೆ ಸಿಕ್ಕಿಬಿದ್ದ ಹೆಣ ದನ ಕಾಯುವವರಿಗೆ ಕಂಡಿತು. ಶಿವರಾಯ ಹೋಗಿ ಬಳೆ ನೋಡಿ ಗುರುತಿಸಿದ. ತರುವ ಸ್ಥಿತಿಯಲ್ಲಿ ಇರಲಿಲ್ಲ. ಅಲ್ಲಿಯೇ ಒಬ್ಬ ಪುಣ್ಯಾತ್ಮನ ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದ. ಸುಭದ್ರಾಬಾಯಿಗೆ ಮಗಳ ಮುಖವೂ ಸಿಗಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಶುರುವಾಯಿತು. ಮೊದಲು ಬಾಯಿ ಬಿಟ್ಟವನು ಹುಲೆಪ್ಪ.

"ಹೊಳಿ ಎಲ್ಲಾನೂ ಒಯ್ದು ದಿಬ್ಬಕ್ಕ ಹಾಕಾಕತ್ತದ. ವೈನಿ ಅಲ್ಲೇ ಬಂದ್ಲು, ಸೋರಿಕಾಯಿ ಅಲ್ಲೇ ಬಂತು. ಇಬ್ಬರೂ ಕೈ ಕೈ ಹಿಡಕೊಂಡು ಇದ್ದಿದ್ರ ಇಬ್ಬರೂ ಅಲ್ಲೇ ಬರ್ತಿದ್ರು. ಆ ಹುಡುಗಿ ಅಷ್ಟು ದೂರ ಹ್ಯಾಂಗ ಹೋತು? ನಾ ಏನೂ ಅನ್ನಂಗಿಲ್ಲಪಾ, ಕೇಳಾಕತ್ತೇನಿ ಅಷ್ಟ."

ಹುಲೆಪ್ಪ ಕೆಟ್ಟವನಲ್ಲ. ಆಡು, ಗಂಟು ತುಂಬಿಕೊಂಡವನು ಅವನು, ಅದು ಅವನಿಗೂ ಗೊತ್ತಿತ್ತು. ಬೀಳಲಿದ್ದ ಏಟು ಬೇರೆಯವರ ಕಡೆಗೆ ತಿರುಗಿದರೆ ಯಾರು ತಾನೇ ಬೆನ್ನು ಕೊಡಲು ಹೋಗುತ್ತಾರೆ? ಅವನು ಕೇಳಿದ್ದೇ ತಡ, ಉಡಿ ತುಂಬುವ ಮಾತು ಮನೆ ಮನೆಗೆ ಓಡಾಡಿತು.

ಸುಭದ್ರಾಬಾಯಿ ಕೂಗಾಡಲಿಲ್ಲ. ಒಂದು ಮಧ್ಯಾಹ್ನ ಸೊಸೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಗ ಹತ್ತಿರ ಬಂದು ಕೂತಳು.

"ಯಾವ ಕೈಲಿ ಹಿಡಿದಿದ್ದಿ?"

"ಬಲಗೈಲಿ, ಅತ್ತಿ."

"ತೋರಿಸು."

ಸುಮಿತ್ರಾ ಹಿಟ್ಟಿನ ಕೈ ಒರೆಸಿ ಚಾಚಿದಳು. ಮಣಿಕಟ್ಟಿನ ಒಳಮೈಯಲ್ಲಿ ಉಗುರು ಊರಿದ ಗಾಯ ಇನ್ನೂ ಒಣಗಿರಲಿಲ್ಲ. ಅಷ್ಟು ದಿನ ಆ ಗಾಯ ಅವಳಿಗೆ ಧೈರ್ಯ ಕೊಟ್ಟಿತ್ತು. ನೋಡಿ, ಹಿಡಿದಿದ್ದೆವು, ಇಷ್ಟು ಗಟ್ಟಿ ಹಿಡಿದಿದ್ದೆವು ಎಂದು ಯಾರಿಗಾದರೂ ತೋರಿಸಬೇಕು ಎಂದುಕೊಂಡಿದ್ದಳು. ಸುಭದ್ರಾಬಾಯಿ ಆ ಗಾಯದ ಮೇಲೆ ಬೆರಳಾಡಿಸಿದಳು.

"ನನ್ನ ಮಗಳು ಎಷ್ಟು ಗಟ್ಟಿ ಹಿಡಕೊಂಡಾಳ. ಇಷ್ಟು ಗಟ್ಟಿ ಹಿಡದಾಕಿನ್ನ ಕೊಡವಿಕೋಬೇಕಂದ್ರ ನಿನಗ ಎಷ್ಟು ಜೋರು ಬೇಕಾತು ಸುಮಿತ್ರಾ?"

ಹೆಂಚಿನ ಮೇಲೆ ರೊಟ್ಟಿ ಹೊತ್ತಿತು. ಇಬ್ಬರೂ ಅದನ್ನು ತೆಗೆಯಲಿಲ್ಲ.

ಶಿವರಾಯನದು ಬೇರೆ ಸಂಕಟ. ಅವನು ಬೈಯಲಿಲ್ಲ, ಹೊಡೆಯಲಿಲ್ಲ. "ಖರೆ ಹೇಳು" ಎಂದ. "ಖರೆನ ಹೇಳೇನ್ರಿ, ನಾ ಬಿಟ್ಟಿಲ್ಲ, ನೀರು ಬಿಡಿಸ್ತು" ಎಂದಳು. "ಹಂಗಾರ ಆಕಿ ದಿಬ್ಬಕ್ಕ ಯಾಕ ಬರಲಿಲ್ಲ?" ಎಂದ. ಆಮೇಲೆ ಅವನು ಅವಳ ಮುಖ ನೋಡಿ ಮಾತಾಡುವುದನ್ನೇ ಬಿಟ್ಟ. ಊರು ಏನು ಬೇಕಾದರೂ ಅನ್ನಲಿ, ಈ ಒಬ್ಬ ಮನುಷ್ಯ ನಂಬಿದರೆ ಸಾಕು ಎಂದು ಸುಮಿತ್ರಾಗೆ ಅನ್ನಿಸಿತು. ಅವನು ನಂಬಿದರೆ ಈ ಮನೆಯಲ್ಲಿ ಬಾಳಬಹುದು, ಅತ್ತೆಯ ಕಣ್ಣನ್ನೂ ತಡೆದುಕೊಳ್ಳಬಹುದು. ಅವನು ನಂಬದಿದ್ದರೆ ತಾನು ಬದುಕಿ ಬಂದದ್ದಕ್ಕೆ ಏನೂ ಅರ್ಥವಿಲ್ಲ.

ಊರ ಹೊರಗೆ ಹೊಳೆಯ ದಂಡೆಯಲ್ಲಿ ಸರಕಾರದ ಒಂದು ಸಣ್ಣ ಕೋಣೆಯಿತ್ತು. ಹೊಳೆಯ ನೀರು ಎಷ್ಟು, ಎಷ್ಟು ಜೋರಾಗಿ ಹರಿಯುತ್ತದೆ ಎಂದು ಅಳೆಯುವ ಗೌಸಮೊಹಿದ್ದೀನ ಅಲ್ಲಿರುತ್ತಿದ್ದ. ಅಫಜಲಪುರದವನು, ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟು ನೌಕರಿಗೆಂದು ಇಲ್ಲಿದ್ದ. ಮೇಲಿನ ಗೂಟದ ಹತ್ತಿರ ಬಣ್ಣದ ಕಟ್ಟಿಗೆ ತುಂಡು ನೀರಿಗೆ ಬಿಡುವುದು, ಅದು ಕೆಳಗಿನ ಗೂಟಕ್ಕೆ ಬರಲು ಎಷ್ಟು ಹೊತ್ತು ಹಿಡಿಯಿತು ಎಂದು ಗಡಿಯಾರ ನೋಡುವುದು, ಇದೇ ಅವನ ಕೆಲಸ. ನೀರಿಗೆ ಬಂದ ಸುಮಿತ್ರಾ ಒಂದು ದಿನ ಕೊಡ ಕೆಳಗಿಟ್ಟು ಅದನ್ನು ನೋಡುತ್ತ ನಿಂತಳು. ಒಂದು ತುಂಡು ಹೋದ ದಾರಿಯಲ್ಲಿ ಇನ್ನೊಂದು ಹೋಗಲಿಲ್ಲ.

"ಗೌಸಣ್ಣಾ, ಒಂದು ಜಾಗಾದಿಂದ ಬಿಟ್ಟ ಕಟಿಗಿ ಒಂದ ಕಡಿ ಹೋಗಂಗಿಲ್ಲೇನು?"

ಅವಳು ಯಾಕೆ ಕೇಳುತ್ತಿದ್ದಾಳೆ ಎಂದು ಗೌಸಮೊಹಿದ್ದೀನನಿಗೆ ಗೊತ್ತಾಯಿತು. ಊರ ಮಾತು ಅವನ ಕಿವಿಗೂ ಬಿದ್ದಿತ್ತು.

"ಒಂದ ಕಡಿ ಹೋಗಿದ್ರ ನನಗ ಯಾಕ ಇಷ್ಟು ಕಟಿಗಿ ಕೊಡ್ತಿದ್ರು ತಂಗಿ? ಒಂದ ಬಿಟ್ಟು ಮನೀಗೆ ಹೋಗ್ತಿದ್ದೆ. ಹೊಳಿ ಅಂದ್ರ ಒಂದ ನೀರಲ್ಲ. ದೊಡ್ಡ ಸುಳಿ ಹೊಟ್ಟ್ಯಾಗ ಸಣ್ಣ ಸುಳಿ, ಅದರ ಹೊಟ್ಟ್ಯಾಗ ಇನ್ನೂ ಸಣ್ಣದು. ಎರಡು ಕಟಿಗಿ ಗೇಣಿನ ಒಳಗ ಇರೂತನಕ ಒಂದ ಸುಳಿ ಎರಡನ್ನೂ ಎತ್ತಿಕೊಂಡು ಹೋಗ್ತದ. ಗೇಣು ದಾಟಿದ್ವು ಅಂದ್ರ ಇದನ್ನ ಒಂದು ಹಿಡೀತದ, ಅದನ್ನ ಇನ್ನೊಂದು ಹಿಡೀತದ. ದೂರ ಆದಷ್ಟೂ ಇನ್ನೂ ದೊಡ್ಡ ಸುಳಿಗೆ ಸಿಗ್ತಾವ, ಇನ್ನೂ ಲಗೂ ದೂರ ಆಗ್ತಾವ. ಗೇಣು ಮಾರಾಗಾಕ ಹೊತ್ತು ಹತ್ತಂಗಿಲ್ಲ."

"ಅಂದ್ರ, ನಾ ದೂಡಿದ್ರ ಮಾತ್ರ ಆಕಿ ಅಷ್ಟು ದೂರ ಹೋಗ್ಬೇಕಂತ ಏನಿಲ್ಲ?"

"ಯಾರೂ ದೂಡೂದು ಬ್ಯಾಡ. ಕೈ ಜಾರಿದ್ದು ಗೇಣಿನ ಕೆಲಸ, ಮುಂದಿಂದೆಲ್ಲ ಹೊಳೀದು."

ಅಂದು ಸುಮಿತ್ರಾ ಅತ್ತಳು. ಗಂಗು ಹೋದ ಮೇಲೆ ಅವಳು ಅತ್ತದ್ದು ಅದೇ ಮೊದಲು. ಹೊರಗಿನವನ ಮುಂದೆ ಅಳುತ್ತಿದ್ದೇನೆ ಎಂಬ ನಾಚಿಕೆ ಕೂಡ ಬರಲಿಲ್ಲ.

ಮರುದಿನದಿಂದ ಅವಳು ನೀರಿಗೆ ಹೋದಾಗಲೆಲ್ಲ ಸೆರಗಿನಲ್ಲಿ ಎರಡು ಸಣ್ಣ ಸೋರೆಕಾಯಿ ಮರೆಮಾಡಿಕೊಂಡು ಹೋದಳು. ಮರಳು ತುಂಬಿ, ಗೌಸಮೊಹಿದ್ದೀನನ ಕೈಗೆ ಕೊಟ್ಟಳು. ಅವನು ತನ್ನ ಸರಕಾರಿ ದೋಣಿಯಲ್ಲಿ ಬಂಡೆಸಾಲಿನತನಕ ಹೋಗಿ ಎರಡನ್ನೂ ಒಂದಕ್ಕೊಂದು ತಾಗಿಸಿ ಹಿಡಿದು ಬಿಟ್ಟ. ಸ್ವಲ್ಪ ಹೊತ್ತು ಅವು ತಲೆಗೆ ತಲೆ ಹಚ್ಚಿಕೊಂಡೇ ಹೋದವು. ಆಮೇಲೆ ನಡುವೆ ಒಂದು ನೀರು ಉಬ್ಬಿತು. ಒಂದು ದಿಬ್ಬಕ್ಕೆ ಹೋಯಿತು, ಇನ್ನೊಂದು ನಡುಹೊಳೆ ಹಿಡಿದು ತಿರುವಿನಾಚೆ ಮರೆಯಾಯಿತು. ದಂಡೆಯಲ್ಲಿ ನಿಂತ ಸುಮಿತ್ರಾ ನಾಲ್ಕು ಹೆಜ್ಜೆ ಅದರ ಬೆನ್ನಿಗೆ ಓಡಿದಳು. ನೋಡಿದ್ದು ಸೋರೆಕಾಯಿಯಾದರೂ ಅವಳಿಗೆ ಹೋದದ್ದು ಗಂಗುವೇ ಆಗಿತ್ತು.

ಮತ್ತೆ ಬಿಟ್ಟರು, ಇನ್ನೊಂದು ದಿನ ಮತ್ತೆ ಬಿಟ್ಟರು. ಹೆಚ್ಚಿನ ಸಲ ಬೇರೆಯಾದವು. ಎರಡೂ ದೂರ ಹೋದದ್ದು ಉಂಟು, ಅಪರೂಪಕ್ಕೆ ಎರಡೂ ಕೂಡಿ ದಿಬ್ಬಕ್ಕೆ ಬಂದದ್ದೂ ಉಂಟು. ಮನೆಯ ಅಟ್ಟದ ಮೇಲಿನ ಸೋರೆಕಾಯಿ ಕರಗುತ್ತ ಬಂದವು.

ತಡೆಯಲಾರದೆ ಒಂದು ಸಂಜೆ ಗಂಡನಿಗೆ ಹೇಳಿದಳು. "ನೀವ ಬಂದು ನಿಮ್ಮ ಕಣ್ಣಲೆ ನೋಡ್ರಿ. ಎರಡು ಕೂಡಿಸಿ ಬಿಟ್ರೂ ಹೊಳಿ ಬ್ಯಾರೆ ಮಾಡ್ತದ." ಶಿವರಾಯ ಬಹಳ ದಿನದ ಮೇಲೆ ಅವಳ ಮುಖ ನೋಡಿದ. ಆ ನೋಟದಲ್ಲಿ ಅವನಿಗೂ ನಂಬುವ ಆಸೆಯಿದೆ ಎಂದು ಅವಳಿಗೆ ಕಂಡಿತು. ಆದರೆ ಅವನು ಒಬ್ಬನೇ ಹೋಗಿ ನೋಡಿ ಸುಮ್ಮನಾಗುವ ಬದಲು ಊರ ಗೌಡ ಬಸವಂತರಾಯನ ಕಿವಿಗೆ ಹಾಕಿದ. ಊರೇ ನೋಡಿದರೆ ಊರೇ ಬಾಯಿ ಮುಚ್ಚುತ್ತದೆ ಎಂದು ಅವನ ಲೆಕ್ಕ.

ಬಸವಂತರಾಯ ದೊಡ್ಡ ಮನುಷ್ಯ, ವಿಚಾರವಂತ ಎಂದು ಹೆಸರು ಮಾಡಿದವನು. ದೇವರ ಮುಂದೆ ಆಣೆ ಮಾಡಿಸುವುದು, ಕುದಿಯುವ ಎಣ್ಣೆಯಲ್ಲಿ ಕೈ ಅದ್ದಿಸುವುದು, ದೇವರು ಮೈದುಂಬಿದವರ ಬಾಯಿಂದ ಕೇಳುವುದು, ಇವೆಲ್ಲ ಮೂಢರ ಕೆಲಸ ಎಂದು ಗಂಟೆಗಟ್ಟಲೆ ಹೇಳುತ್ತಿದ್ದ. ಸೋರೆಕಾಯಿಯ ಮಾತು ಕೇಳಿ ಅವನಿಗೆ ಖುಷಿಯಾಯಿತು. "ಇದು ಬರೋಬ್ಬರಿ. ಇದರಾಗ ದೇವರಿಲ್ಲ ದಿಂಡರಿಲ್ಲ. ಕಣ್ಣಾರೆ ನೋಡೂದು, ನ್ಯಾಯ ಹೇಳೂದು. ಸೋಮವಾರ ಮುಂಜಾನೆ ಎಲ್ಲರೂ ಹೊಳಿಗೆ ಬರ್ರಿ" ಎಂದ. ಆಣೆ ಪ್ರಮಾಣಕ್ಕೆ ಹೇಸುವ ಆ ಮನುಷ್ಯ ತಾನು ಹೊಳೆಯನ್ನೇ ಕಟಕಟೆಗೆ ತಂದು ಆಣೆ ಮಾಡಿಸುತ್ತಿದ್ದೇನೆ ಎಂದು ಒಂದು ಗಳಿಗೆ ಯೋಚಿಸಲಿಲ್ಲ.

ಸುದ್ದಿ ಕೇಳಿ ಗೌಸಮೊಹಿದ್ದೀನ ಗಾಬರಿಯಾದ.

"ಬ್ಯಾಡ ತಂಗಿ. ಹತ್ತು ಸಲ ನೋಡ್ತಾರಂದ್ರ ಹೂಂ ಅನ್ನು. ಒಂದು ಸಲಕ್ಕ ಹೊಳಿ ಯಾರ ಮಾತೂ ಕೇಳಂಗಿಲ್ಲ."

"ಇಷ್ಟು ದಿನ ಬ್ಯಾರೆ ಮಾಡಿದ್ದು ಅವತ್ತೂ ಮಾಡ್ತದ ಗೌಸಣ್ಣಾ. ಸುಳ್ಳ ಆಡಾಕ ಅದಕ್ಕೇನು ನನ್ನ ಮ್ಯಾಲ ಸಿಟ್ಟದ?"

ಹೊಳೆಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಕೈಮುಗಿದು ಕಾಲಿಗೆ ಬಿದ್ದು ಹೇಗಾದರೂ ಒಲಿಸಿಕೊಳ್ಳಬಹುದಿತ್ತು.

ಸೋಮವಾರ ದಂಡೆಯ ತುಂಬ ಜನ. ಸುಭದ್ರಾಬಾಯಿಯನ್ನು ಇಬ್ಬರು ಹೆಂಗಸರು ಹಿಡಿದು ತಂದು ಕೂರಿಸಿದರು. ಹೊಸ ಸೋರೆಕಾಯಿ ಎರಡನ್ನು ಬಸವಂತರಾಯನೇ ತಂದಿದ್ದ, ಒಂದಕ್ಕೆ ಸುಣ್ಣ, ಒಂದಕ್ಕೆ ಕೆಮ್ಮಣ್ಣು ಬಳಿಸಿದ್ದ; ಬಿಳಿಯದು ಸುಮಿತ್ರಾ, ಕೆಂಪಿನದು ಗಂಗು ಎಂದು ಲೆಕ್ಕ. ದೋಣಿಯಲ್ಲಿ ಹುಲೆಪ್ಪ, ಶಿವರಾಯ ಇಬ್ಬರೂ ಹೋದರು. ಶಿವರಾಯ ತನ್ನ ಕೈಯಿಂದಲೇ ಎರಡನ್ನೂ ತಾಗಿಸಿ ನೀರಿಗಿಟ್ಟು ಬೆರಳು ಬಿಚ್ಚಿದ.

ಸುಮಿತ್ರಾ ನಿಂತಲ್ಲೇ ಉಸಿರು ಹಿಡಿದಳು. ಬಿಳಿಯದು, ಕೆಂಪಿನದು ಕೂಡಿಯೇ ತಿರುಗಿದವು. ನೀರು ಉಬ್ಬಿತು, ಎರಡೂ ಮುಳುಗಿದವು. ಈಗ ಬೇರೆಯಾಗುತ್ತವೆ, ಈಗ ಆಗುತ್ತವೆ ಎಂದು ಅವಳು ಒಳಗೇ ಜಪಿಸಿದಳು. ಎದ್ದಾಗ ನಡುವೆ ಒಂದು ಗೇಣಿನ ನೀರು ಕಂಡಿತು. ಅವಳ ಬಾಯಿಂದ "ಹೋಗು" ಎಂದು ಗಟ್ಟಿಯಾಗಿ ಹೊರಬಿತ್ತು. ಪಕ್ಕದಲ್ಲಿದ್ದವರು ತಿರುಗಿ ನೋಡಿದರು. ನಾದಿನಿಯ ಲೆಕ್ಕದಲ್ಲಿ ಬಿಟ್ಟ ಸೋರೆಕಾಯಿಗೆ ಅವಳು ಹೋಗು ಅಂದದ್ದು ಅವರ ಕಿವಿಯಲ್ಲಿ ಉಳಿಯಿತು. ಅಷ್ಟರಲ್ಲಿ ಯಾವುದೋ ಒಂದು ಸುತ್ತುನೀರು ಬಂದು ಆ ಗೇಣನ್ನೂ ಮುಚ್ಚಿಹಾಕಿತು. ಎರಡೂ ಮತ್ತೆ ತಾಗಿದವು, ತಾಗಿಕೊಂಡೇ ಸಾಗಿದವು, ತಾಗಿಕೊಂಡೇ ಹೋಗಿ ಮರಳದಿಬ್ಬಕ್ಕೆ ಹತ್ತಿ ನಿಂತವು.

ಸುಭದ್ರಾಬಾಯಿ ಮಗಳ ಹೆಸರು ಹಿಡಿದು ಕೂಗಿದಳು.

"ಇನ್ನೊಮ್ಮೆ ಬಿಡ್ರಿ, ಗೌಡ್ರ, ನಿಮ್ಮ ಕಾಲಿಗೆ ಬೀಳ್ತೇನಿ, ಇನ್ನೊಂದ ಸಲ" ಎಂದು ಸುಮಿತ್ರಾ ಮುಂದೆ ಬಂದಳು.

ಬಸವಂತರಾಯ ತಲೆಯಾಡಿಸಿದ. "ಸಾಕ್ಷಿಗೆ ಒಮ್ಮೆ ಕೇಳ್ತಾರವ್ವಾ. ನಮಗ ಬೇಕಾದ ಉತ್ತರ ಬರೂತನಕ ಕೇಳ್ಕೋತ ಕೂಡಾಕ ಬರ್ತದೇನು? ನೀನ ಕರದ ಸಾಕ್ಷಿ ಇದು."

ಮಾತಿನಲ್ಲಿ ತಪ್ಪು ಹುಡುಕಲು ಯಾರಿಗೂ ಆಗಲಿಲ್ಲ. ಅಲ್ಲಿ ನಿಂತಿದ್ದ ಗೌಸಮೊಹಿದ್ದೀನ ಗಂಟಲು ಸರಿಮಾಡಿಕೊಂಡ. "ಹಂಗಲ್ರಿ ಗೌಡ್ರ. ನಾ ದಿನಾ ನೋಡ್ತೇನಿ."

"ಹೇಳು ಮತ್ತ. ಕೂಡಿ ಬಿಟ್ಟದ್ದು ಕೂಡಿ ಹೋಗ್ತದೋ, ಬ್ಯಾರೆ ಆಗ್ತದೋ?"

"ಒಮ್ಮೆ ಕೂಡಿ ಹೋಗ್ತಾವ್ರಿ. ಒಮ್ಮೆ ಬ್ಯಾರೆ ಆಗ್ತಾವ."

ಜನ ನಕ್ಕರು. "ಇದೂ ಒಂದು ಉತ್ತರೇನೋ ಗೌಸ್ಯಾ? ಹಿಂಗ ಹೇಳಾಕ ಸರಕಾರ ನಿನಗ ಪಗಾರ ಕೊಡ್ತದೇನು?" ಎಂದ ಬಸವಂತರಾಯ. ಗೌಸಮೊಹಿದ್ದೀನ ಕೆಂಪಾದ. ಅಂದು ಆ ದಂಡೆಯ ಮೇಲೆ ಆಡಿದ ಮಾತುಗಳಲ್ಲಿ ಖರೆಯಾದದ್ದು ಅದೊಂದೇ. ನಗೆಗೆ ಈಡಾದದ್ದೂ ಅದೊಂದೇ.

ಶಿವರಾಯ ದೋಣಿಯಿಂದ ಇಳಿದು ಬಂದ. ಹೆಂಡತಿಯ ಹತ್ತಿರ ನಿಂತು, ಊರೆಲ್ಲ ಕೇಳುವ ಹಾಗೆ ಕೇಳಿದ.

"ಈಗರ ಹೇಳು. ಕೈ ಬಿಟ್ಟಿಯೇನು?"

ಇಲ್ಲ ಎಂದು ಸುಮಿತ್ರಾ ಎಷ್ಟೋ ಸಲ ಹೇಳಿದ್ದಳು. ಈಗ ಬಾಯಿ ತೆರೆದರೆ ಆ ಮಾತು ಬರಲಿಲ್ಲ. ಅವಳ ಕಣ್ಣ ಮುಂದೆಯೇ ಆ ಎರಡೂ ಕೂಡಿ ಹೋಗಿದ್ದವು. ಹಾಗಾದರೆ ತಾನೇ ಕೊಡವಿದೆನೇ? ಉಸಿರು ಕಟ್ಟಿದಾಗ ಕೈ ತನ್ನಷ್ಟಕ್ಕೆ ತಾನೇ ಕೊಡವಿಕೊಂಡಿತೇ? ಹುಡುಕಿದರೆ ನೆನಪಿನಲ್ಲಿ ಬರೀ ನೀರಿತ್ತು.

"ನನಗ ತಿಳೀವಲ್ದ್ರಿ" ಎಂದಳು.

ಅಷ್ಟೇ. ಊರು ಅದನ್ನು ಒಪ್ಪಿಗೆ ಎಂದು ತಿಳಿಯಿತು. ಮರುದಿನ ಅವಳನ್ನು ಕರಜಗಿಯ ತನಕ ಬಂಡಿಯಲ್ಲಿ ಕರೆತಂದು ಆಳಂದದ ಬಸ್ಸಿಗೆ ಹತ್ತಿಸಿದರು.

ಆಳಂದದಲ್ಲಿ ಅಪ್ಪ ಜಗದೇವಪ್ಪನದು ಒಂದು ಕಿರಾಣಿ ಅಂಗಡಿ. ತಾಯಿಯಿಲ್ಲದ ಮನೆ. ಅಪ್ಪ ಒಂದು ಮಾತೂ ಕೇಳದೆ ಒಳಗೆ ಕರೆದುಕೊಂಡ. ಅವಳು ಕಾಳು ಹಸನು ಮಾಡುವುದು, ಕಿರಾಣಿಯ ಪೊಟ್ಟಣ ಕಟ್ಟುವುದು ಮಾಡುತ್ತ ಇದ್ದುಬಿಟ್ಟಳು. ಆಚೀಚೆಯ ಹೆಂಗಸರು, ಯಾವಾಗ ಕರೆಯಲು ಬರುತ್ತಾರೆ ಎಂದು ಕೇಳುತ್ತಿದ್ದರು. ಮೊದಲು ಕಾಳಜಿಯಿಂದ, ಆಮೇಲೆ ಬರೀ ಕೇಳಲಿಕ್ಕೆಂದು. ಅವಳು ಕಾಯುತ್ತಿದ್ದದ್ದು ನಿಜ. ಒಂದಲ್ಲ ಒಂದು ದಿನ ಶಿವರಾಯನಿಗೆ ಗೊತ್ತಾಗುತ್ತದೆ, ಗೊತ್ತಾದ ದಿನ ಬರುತ್ತಾನೆ. ಅವನು ಕೆಟ್ಟವನಲ್ಲ. ಅವನಿಗೆ ಗೊತ್ತಿಲ್ಲ, ಅಷ್ಟೇ. ಈ ಮಾತನ್ನು ಹಿಡಿದುಕೊಂಡೇ ಅವಳು ಬೆಳಿಗ್ಗೆ ಏಳುತ್ತಿದ್ದಳು. ಮಣಿಕಟ್ಟಿನ ಗಾಯ ಮಾಯ್ದು, ಕಲೆ ಕೂಡ ತೆಳ್ಳಗಾಗಿ ಅಳಿಸಿಹೋಯಿತು. ಅದು ಅಳಿಸಿದ ದಿನ ಅವಳು ಊಟ ಮಾಡಲಿಲ್ಲ.

ಮುಂದಿನ ಮಳೆಗಾಲ ಕಳೆದು ಜೋಳ ಬಿತ್ತುವ ಹೊತ್ತಿಗೆ ಶಿವರಾಯ ಬಂದ. ಮಧ್ಯಾಹ್ನದ ಬಿಸಿಲು, ಜಗದೇವಪ್ಪ ಅಂಗಡಿಯಲ್ಲಿದ್ದ. ಮನೆಯಲ್ಲಿ ಅವಳೊಬ್ಬಳೇ ತೊಗರಿಬೇಳೆ ಕೇರುತ್ತಿದ್ದಳು. ಅವನು ಸೊರಗಿದ್ದ. ಚೊಂಬಿನ ನೀರು ಕೊಟ್ಟಳು. ಕುಡಿದು, ಚೊಂಬನ್ನು ಕೈಯಲ್ಲೇ ಹಿಡಿದು ಕೂತ.

"ಈ ಸಲ ಹೊಳಿ ಬಂದಾಗ ನಾ ಒಬ್ಬನ ಹೋಗಿದ್ದೆ. ಯಾರಿಗೂ ಹೇಳದ. ದಿನಾ ಬಿಟ್ಟೆ ಸೋರಿಕಾಯಿ."

ಸುಮಿತ್ರಾ ಮೊರ ಕೆಳಗಿಟ್ಟಳು.

"ಬ್ಯಾರೆ ಆಗ್ತಾವ" ಎಂದ. "ಕೂಡಿ ಹೋಗೂದ ಕಡಿಮಿ. ಒಂದು ದಿಬ್ಬಕ್ಕ ಬಂತು, ಇನ್ನೊಂದರ ಬೆನ್ನು ಹತ್ತಿ ದಂಡಿಗುಂಟ ಹೋದೆ. ಹವಳಗಾ ಊರು ದಾಟಿದ ಮ್ಯಾಲೂ ಅದು ನಿಲ್ಲಲಿಲ್ಲ. ನೀ ಕೈ ಬಿಟ್ಟಿಲ್ಲ. ನನಗ ಗೊತ್ತದ ಸುಮಿತ್ರಾ. ನೀ ಬಿಟ್ಟಿಲ್ಲ."

ಒಂದು ವರ್ಷ ಅವಳು ಈ ಮಾತಿಗಾಗಿ ಉಸಿರಾಡಿದ್ದಳು. ಏಳಲು ನೆಲಕ್ಕೆ ಕೈ ಊರಿದಳು. ಸೀರೆ ಯಾವುದು ಉಡಲಿ, ಗಂಟು ಯಾವುದರಲ್ಲಿ ಕಟ್ಟಲಿ ಎಂದು ಮನಸ್ಸು ಆಗಲೇ ಓಡಿತ್ತು. ಶಿವರಾಯ ಏಳಲಿಲ್ಲ.

"ಅತ್ತಿಗೆ ಹೇಳಿದ್ರೇನು?" ಎಂದು ಕೇಳಿದಳು.

ಅವನು ಚೊಂಬಿನ ಒಳಗೆ ನೋಡಿದ.

"ಹ್ಯಾಂಗ ಹೇಳ್ಲಿ? ಅವತ್ತ ಹುಲೆಪ್ಪ ಬ್ಯಾಡಂದ, ಅವ್ವ ಕೇಳಲಿಲ್ಲ. ನೀ ಬಿಟ್ಟಿ ಅಂತ ಆಕಿ ಬದುಕ್ಯಾಳ. ದಿನಾ ನಿನ್ನ ಬಯ್ಕೋತ ಏಳ್ತಾಳ, ನಿನ್ನ ಬಯ್ಕೋತ ಉಣ್ತಾಳ. ನೀ ಬಿಟ್ಟಿಲ್ಲ ಅಂತ ಗೊತ್ತಾದ್ರ, ನಾನ ನನ್ನ ಮಗಳನ್ನ ಕಳಿಸಿ ಕೊಂದೆ ಅಂತ ಆಕಿಗೆ ಉಳೀತದ. ಆ ಮ್ಯಾಲ ಆಕಿ ಉಳ್ಯಾಂಗಿಲ್ಲ."

"ಆಕಿಗೆ ಹೇಳೂದು ಬ್ಯಾಡ. ನಾ ಬಯ್ಸಿಕೋತೇನಿ. ನೀವು ನಂಬೀರಿ, ಸಾಕು. ನನ್ನ ಕರಕೊಂಡು ನಡೀರಿ."

"ನಿನ್ನ ಮುಖ ಕಂಡ್ರ ಆಕಿ ಬಾವಿಗೆ ಬೀಳ್ತೇನಿ ಅಂತಾಳ. ಬ್ಯಾರೆ ಸಂಬಂಧ ನೋಡ್ಯಾಳ ನನಗ. ಬಸವಂತರಾಯರೂ ಆಗಲಿ ಅಂದಾರ."

"ನೀವೇನಂದ್ರಿ?"

ಶಿವರಾಯ ಚೊಂಬನ್ನು ಕೈಯಲ್ಲೇ ತಿರುಗಿಸಿದ. "ನಿನಗರ ಒಂದು ಸಮಾಧಾನ ಆಗಲಿ ಅಂತ ಹೇಳಾಕ ಬಂದೆ" ಎಂದ.

ಸಮಾಧಾನ! ಅವಳು ಅವನನ್ನೇ ನೋಡಿದಳು. ಅಳು ಬರಲಿಲ್ಲ, ಸಿಟ್ಟು ಕೂಡ ಬರಲಿಲ್ಲ. ಇವನಿಗೆ ಗೊತ್ತಿಲ್ಲ ಎಂಬ ಒಂದು ಮಾತಿನ ಮೇಲೆ ವರ್ಷವೆಲ್ಲ ನಿಂತಿದ್ದಳು. ಅದನ್ನು ಇವನು ಬಸ್ಸು ಹತ್ತಿ ಬಂದು ತೆಗೆದುಕೊಂಡುಬಿಟ್ಟ. ಚೊಂಬು ಅವನ ಕೈಯಿಂದ ತೆಗೆದು ಒಳಗಿಟ್ಟಳು. ನಾಲ್ಕರ ಬಸ್ಸು ತಪ್ಪುತ್ತದೆ ಎಂದಳು. ಅವನು ಎದ್ದು ಹೋದ.

ಅಳಿಯ ಬಂದ ಸುದ್ದಿ ಅಂಗಡಿಗೆ ಮುಟ್ಟಿ ಜಗದೇವಪ್ಪ ಬಾಗಿಲು ಹಾಕದೆ ಓಡುತ್ತ ಬಂದ.

"ಶಿವರಾಯ ಬಂದಿದ್ನಂತಲ್ಲ? ಏನಂದ?"

"ನಾ ಕೈ ಬಿಟ್ಟಿಲ್ಲಂತ, ಅಪ್ಪಾ. ಅವರಿಗೆ ಗೊತ್ತಾಗ್ಯದ."

ಮುದುಕ ಹಣೆಗೆ ಎರಡೂ ಕೈ ಹಚ್ಚಿಕೊಂಡು ನಕ್ಕ. ಕಣ್ಣಲ್ಲಿ ನೀರು ಬಂತು. "ಗೆದ್ದಿ ಬಿಡವ್ವಾ! ನನಗ ಗೊತ್ತಿತ್ತು. ಮತ್ತ ಯಾವಾಗ ಬರ್ತಾನ ಕರ್ಯಾಕ? ಇವತ್ತ ಯಾಕ ಹೋದ? ಒಂದು ಸೀರಿ ತರಬೇಕಲ್ಲ ನಿನಗ, ಬರಿಗೈಲಿ ಹ್ಯಾಂಗ ಕಳಿಸ್ಲಿ?"

ಸುಮಿತ್ರಾ ಮೊರ ಎತ್ತಿಕೊಂಡು ಬೇಳೆ ಕೇರತೊಡಗಿದಳು. ಅಪ್ಪ ಯಾವ ಬಣ್ಣದ ಸೀರೆ ಎಂದು ಇನ್ನೂ ಕೇಳುತ್ತಲೇ ಇದ್ದ.